ಖಾಲಿ ಬಿದ್ದಿದೆ ಸಾರ್, ಗಿಡ ನೆಡೋಣ!

ಜೂನ್ 5ರ ಪರಿಸರ ದಿನ ಹತ್ತಿರ ಬಂತು ಅಂದ್ರೆ ನನಗೆ ಸಣ್ಣಗೆ ನಡುಕ ಶುರುವಾಗುತ್ತದೆ. ಹೋದ ವರ್ಷ ಇದೇ ಹೊತ್ತಿಗೆ ಪರಿಚಯದವರೊಬ್ಬರು ಫೋನ್ ಮಾಡಿದ್ದರು. "ಊರಾಚೆ ಗೋಮಾಳ ಸುಮ್ನೆ ಖಾಲಿ ಬಿದ್ದಿದೆ ಸಾರ್. ಭಾನುವಾರ ಸಾವಿರ ಗಿಡ ನೆಡೋಣ. ತಿಂಡಿ ಅಲ್ಲೇ, ಟೀ ಶರ್ಟ್ ಫ್ರೀ." ಇಡ್ಲಿ ವಡೆ ಆಸೆಗೆ ಹೋದೆ, ಸುಳ್ಳು ಯಾಕೆ ಹೇಳಲಿ.

ಆ ಖಾಲಿ ಜಾಗಕ್ಕೆ ಕಾಲಿಟ್ಟ ಎರಡೇ ನಿಮಿಷಕ್ಕೆ ಸಾಕ್ಸ್ ತುಂಬ ಒಣಗಿದ ಹುಲ್ಲಿನ ಊಬು ಚುಚ್ಚಿಕೊಂಡಿತು. ಕಾಲ ಬುಡದಿಂದಲೇ ಗೌಜಲ ಹಕ್ಕಿಯೊಂದು ಪುರ್ರಂತ ಎದ್ದು ನನ್ನ ಜೀವ ಬಾಯಿಗೆ ತಂದಿತು. ಅಷ್ಟರಲ್ಲಿ ತಲೆ ಮೇಲೆ ಟಿಟ್ಟಿಭ ಹಕ್ಕಿ ಒಂದು ಕಿರುಚಿಕೊಂಡು ಸುತ್ತೋಕೆ ಶುರು. ಬಗ್ಗಿ ನೋಡಿದರೆ ನೆಲದಲ್ಲಿ ಅಂಗೈಯಷ್ಟು ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ, ಪಕ್ಕದ ಬೆಣಚುಕಲ್ಲಿಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಅಲ್ಲಿಂದ ಎರಡಡಿ ದೂರಕ್ಕೆ ಜೆಸಿಬಿ ತೋಡಿದ ಗುಂಡಿ.

ಸಂಘಟಕರನ್ನು ಕರೆದು ತೋರಿಸಿದೆ. ಅವರ ಕಣ್ಣಲ್ಲಿ ನಿಜಕ್ಕೂ ನೀರು ಬಂತು. "ಅಯ್ಯೋ ಪಾಪ, ಗೂಡು ಕಟ್ಟೋಕೆ ಒಂದು ಮರ ಇಲ್ದೆ ನೆಲದ ಮೇಲೆ ಇಟ್ಟಿದೆ ನೋಡಿ! ಇದಕ್ಕೇ ನಾವು ಗಿಡ ನೆಡ್ತಿರೋದು!"

ಟಿಟ್ಟಿಭ ಮರದ ಮೇಲೆ ಗೂಡು ಕಟ್ಟಿದ್ದನ್ನು ಯಾರೂ ಕಂಡಿಲ್ಲ ಅಂತ ಹೇಳೋಣ ಅಂದುಕೊಂಡೆ. ಮೈಕ್ ಆನ್ ಆಗಿತ್ತು, ಸುಮ್ಮನಾದೆ.

ಬ್ಯಾನರ್ ಮೇಲೆ 'ದೇಸಿ ಗಿಡ ಉಳಿಸಿ' ಅಂತ ದೊಡ್ಡ ಅಕ್ಷರ. ಟ್ರೇ ನೋಡಿದರೆ ಮಡಗಾಸ್ಕರ್‌ನ ಗುಲ್‌ಮೊಹರ್, ಆಸ್ಟ್ರೇಲಿಯಾದ ಸಿಲ್ವರ್ ಓಕ್, ಮಧ್ಯ ಅಮೆರಿಕದ ಗುಲಾಬಿ ಟಬೂಬಿಯಾ. ಇದೇ ಟಬೂಬಿಯಾ ಹೂ ಬಿಟ್ಟಾಗ ಬೆಂಗಳೂರಿನವರು 'ನಮ್ಮ ಚೆರ್ರಿ ಬ್ಲಾಸಮ್' ಅಂತ ಸ್ಟೇಟಸ್ ಹಾಕೋದು. ಅದೇ ಬೀದಿಯ ಹೊಂಗೆ ಹೂವು ಚೆಲ್ಲಿದರೆ ಕಾರಿನ ಮೇಲೆ ಕಸ ಬಿತ್ತು ಅಂತ ಬೈಯೋದು! ಇವೆಲ್ಲ ದೇಸಿ ಹೇಗೆ ಸಾರ್ ಅಂದೆ. "ನಮ್ಮೂರ ನರ್ಸರಿಯಲ್ಲೇ ಹುಟ್ಟಿರೋದು, ದೇಸಿ ಅಲ್ದೆ ಮತ್ತೇನು?" ಅಂದರು. ಎಷ್ಟೋ ದೇಶ ಪೌರತ್ವ ಕೊಡೋದೇ ಹೀಗೆ, ವಾದ ಮಾಡೋಕೆ ಬರೋದಿಲ್ಲ.

ಅವರೊಬ್ಬರನ್ನೇ ಬೈದು ಏನು ಪ್ರಯೋಜನ? ಮರ ಇಲ್ಲದ ಜಾಗ ನಮ್ಮ ಲೆಕ್ಕದಲ್ಲಿ ಜಾಗವೇ ಅಲ್ಲ. ಬಂಜರು ಭೂಮಿ ಎಲ್ಲೆಲ್ಲಿದೆ ಅಂತ ಕೇಂದ್ರ ಸರ್ಕಾರವೇ ಅಟ್ಲಾಸ್ ಮಾಡಿಸುತ್ತದೆ. ನರಿ, ತೋಳ, ಕೃಷ್ಣಮೃಗ ಓಡಾಡುವ ಹುಲ್ಲು, ಕುರುಚಲು ಎಲ್ಲ ಅದರೊಳಗೇ ಬಂದುಬಿಡುತ್ತವೆ. ರಾಣೆಬೆನ್ನೂರಿನ ಕಥೆ ಕೇಳಿ. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರ್ ಅಭಯಾರಣ್ಯ ಆಯಿತು. ಯಾರಿಗಾಗಿ? ಬಯಲಲ್ಲಿ ಓಡೋ ಕೃಷ್ಣಮೃಗಕ್ಕಾಗಿ. ಒಳಗೆ ಹೋದರೆ ಕಾಣೋದು? ಸಾಲು ಸಾಲು ನೀಲಗಿರಿ. ಮೀನಿಗೆ ಅಂತ ಕೆರೆ ಕೊಟ್ಟು ಅದಕ್ಕೆ ಕಾಂಕ್ರೀಟ್ ಸುರಿದ ಹಾಗೆ. ಒಂದು ಕಾಲಕ್ಕೆ ಅಲ್ಲಿದ್ದ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗಿಲ್ಲ, ನೀಲಗಿರಿ ಇದೆ. ಆ ನೀಲಗಿರಿ ಅಂತರ್ಜಲ ಹೀರುತ್ತದೆ ಅಂತ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ಬೆಳೆಸೋದನ್ನು ನಿಷೇಧಿಸಿತು. ಅಷ್ಟೊತ್ತಿಗೆ ನೆಡಬೇಕಾದ ಕಡೆಯೆಲ್ಲ ನೆಟ್ಟಾಗಿತ್ತು.

ಈ ಹುಲ್ಲು ಉಳಿಸಬೇಕು ಅಂತ ಹೊರಟವರ ಪಾಡಂತೂ ನಾಯಿಪಾಡು. ಬೆಂಗಳೂರಿನ ಪಕ್ಕ ಹೆಸರಘಟ್ಟದಲ್ಲಿ ಪಕ್ಷಿ ನೋಡೋರು, ಗಿಡ ಗುರುತು ಹಿಡಿಯೋರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು. 1894ರಲ್ಲಿ ಬೆಂಗಳೂರಿಗೆ ನೀರು ಕೊಡೋಕೆ ಅಂತ ಕಟ್ಟಿದ ಕೆರೆ ಅಲ್ಲೇ ಇದೆ, ಹುಲ್ಲು ಅದರ ನೆತ್ತಿ ಮೇಲೇ ಇದೆ. ಫಿಲ್ಮ್ ಸಿಟಿ ಕಟ್ಟೋ ಮಾತು ಬಂತು. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇದನ್ನು ಸಂರಕ್ಷಿತ ಪ್ರದೇಶ ಮಾಡೋದು ಬೇಡ ಅಂದಿತು. 2024ರಲ್ಲಿ ಸರಿ, 5,678 ಎಕರೆ ಸಂರಕ್ಷಿತವಾಗಿ ಇರಲಿ ಅಂದಿತು. ಮೂರು ವರ್ಷದಲ್ಲಿ ಹುಲ್ಲೇನೂ ಬದಲಾಗಲಿಲ್ಲ, ಅದು ಹುಲ್ಲಾಗಿಯೇ ಇತ್ತು.

ನಮ್ಮೂರಲ್ಲೂ ಇಂಥ ಏಳೆಂಟು ಜನರ ಗುಂಪಿದೆ. ಅವರ ಭಾನುವಾರದ ಕೆಲಸ ಗಿಡ ನೆಡೋದಲ್ಲ, ಕೀಳೋದು! ಹೊರದೇಶದಿಂದ ಬಂದ ಲಂಟಾನ, ಪಾರ್ಥೇನಿಯಂ, ತಾನಾಗೇ ಹಬ್ಬಿದ ಸುಬಾಬುಲ್ ಸಸಿ. ಒಂದು ಸಲ ದಾರಿಹೋಕರು ಪೊಲೀಸರನ್ನೇ ಕರೆಸಿದ್ದರು. "ಪರಿಸರದೋರು ಅಂತಾರೆ, ಹಸಿರು ಗಿಡ ಕಿತ್ತು ಹಾಕ್ತಿದ್ದಾರೆ." ಮರ ಕಡಿಯೋಕೆ ಅನುಮತಿ ಬೇಕು, ಅದಕ್ಕೆ 1976ರ ಕಾಯ್ದೆಯೇ ಇದೆ. ಹುಲ್ಲುಗಾವಲು ಮುಗಿಸೋಕೆ ಯಾವ ಅನುಮತಿಯೂ ಬೇಡ, ಸಾವಿರ ಸಸಿ ಮತ್ತು ಒಬ್ಬ ಮುಖ್ಯ ಅತಿಥಿ ಸಾಕು.

ಹಾಗಂತ ಈ ಗುಂಪಿನವರೂ ಕಮ್ಮಿ ಇಲ್ಲ. ಹುಣಸೆಮರ ಮೂಲತಃ ಆಫ್ರಿಕಾದ್ದು ಅಂತ ಒಬ್ಬ ವಾಟ್ಸಾಪಲ್ಲಿ ಹಾಕಿದ, ಮೆಣಸಿನಕಾಯಿ ಅಮೆರಿಕದ್ದು ಅಂತ ಇನ್ನೊಬ್ಬ. ಮೂರು ದಿನ ಜಗಳ. ಇಬ್ಬರು ಗುಂಪು ಬಿಟ್ಟರು, ಮನೆಯಲ್ಲಿ ಸಾರು ತಿನ್ನೋದು ಮಾತ್ರ ಯಾರೂ ಬಿಡಲಿಲ್ಲ. ಇವರಿಗೆ ಪ್ರಚಾರವೂ ಸಿಗೋದಿಲ್ಲ. ಗಿಡ ನೆಟ್ಟರೆ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಹುಲ್ಲಿನ ಪಕ್ಕ ನಿಂತರೆ ದನ ಕಾಯೋಕೆ ಬಂದವನ ಹಾಗೆ ಕಾಣುತ್ತೀರಿ. ಗಣೇಶನ ಹಬ್ಬಕ್ಕೆ ಬೇಕು ಅಂತ ಗರಿಕೆಯನ್ನು ಮಾತ್ರ ಮಾರ್ಕೆಟ್ಟಲ್ಲಿ ಕಟ್ಟಿಗಿಷ್ಟು ಅಂತ ಕೊಳ್ಳುತ್ತೇವೆ, ಚೌಕಾಸಿ ಮಾಡಿ.

ಅವತ್ತು ನಾನು ಒಂದೂ ಗಿಡ ನೆಡಲಿಲ್ಲ. ಎರಡು ಗಂಟೆ ಆ ನಾಲ್ಕು ಮೊಟ್ಟೆ ಪಕ್ಕ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಗ್ರೂಪ್ ಫೋಟೋದಲ್ಲಿ ದೂರದಲ್ಲಿ ಕಾಣುತ್ತೇನೆ, ಕೆಳಗೆ 'ಕೆಲಸಗಳ್ಳರು' ಅಂತ ಯಾರೋ ನಗುವ ಮುಖ ಹಾಕಿದ್ದಾರೆ. ಸಸಿಗಳು ದೀಪಾವಳಿ ನೋಡಲಿಲ್ಲ. ನೀರು ಹಾಕೋರು ಇರಲಿಲ್ಲ, ಬೇಲಿ ಬಜೆಟ್‌ನಲ್ಲಿ ಇರಲಿಲ್ಲ, ಮೇಕೆಗಳು ಇದ್ದವು. ಕಪ್ಪು ಪ್ಲಾಸ್ಟಿಕ್ ಚೀಲಗಳು ಮಾತ್ರ ಈಗಲೂ ಚೆನ್ನಾಗಿವೆ.

ನಿನ್ನೆ ಮತ್ತೆ ಫೋನ್ ಬಂತು. "ಈ ಸಲ ಜೆಸಿಬಿ ಖರ್ಚೇ ಇಲ್ಲ ಸಾರ್, ಹೋದ ವರ್ಷದ ಗುಂಡಿಗಳೇ ಇವೆ! ಬರ್ತೀರಲ್ವಾ? ಟೀ ಶರ್ಟ್ ಸೈಜ್ ಹೇಳಿ."

ಟಿಟ್ಟಿಭ ಈ ವರ್ಷ ಯಾವ ಗುಂಡಿ ಪಕ್ಕ ಇಟ್ಟಿದೆಯೋ. ಎಕ್ಸೆಲ್ ಅಂದೆ.