ನಂಬದವರೂ ಯಾಕೆ ಸುಮ್ಮನಿರುತ್ತಾರೆ?

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ನಮ್ಮ ರಾಜ್ಯದಲ್ಲಿ ಎಷ್ಟು ವರ್ಷ ಓಡಾಡಿತು ಅಂತ ಎಲ್ಲರಿಗೂ ಗೊತ್ತು. 1997ರಲ್ಲಿ ಅದು ಜಿಲ್ಲೆಯಾದಾಗ ಉದ್ಘಾಟನೆ ನಡೆದದ್ದು ಕೂಡ ಮಲೆ ಮಹದೇಶ್ವರ ಬೆಟ್ಟದಲ್ಲಿ, ಜಿಲ್ಲಾ ಕೇಂದ್ರದಲ್ಲಲ್ಲ. ಆ ವರ್ಷಗಳಲ್ಲಿ ಆ ಊರಿನಿಂದ ದೂರ ಉಳಿದ ಮುಖ್ಯಮಂತ್ರಿಗಳೆಲ್ಲ ಈ ಮಾತನ್ನು ಮನಸ್ಸಿನಿಂದ ನಂಬಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಅವರಲ್ಲಿ ಚೆನ್ನಾಗಿ ಓದಿಕೊಂಡವರಿದ್ದರು, ಸಮಾಜವಾದದ ಹಿನ್ನೆಲೆಯವರಿದ್ದರು. ಆದರೂ ಹೋಗಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಹೋದರು, ಆಮೇಲೆ ಮತ್ತೆ ಮತ್ತೆ ಹೋದರು, ಐದು ವರ್ಷದ ಅವಧಿಯನ್ನು ಪೂರ್ತಿ ಮುಗಿಸಿದರು. ಅವರ ರಾಜಕೀಯದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನಾನು ಹೇಳಹೊರಟಿರುವುದು ಬೇರೆ ವಿಷಯ.

ಒಂದು ನಂಬಿಕೆ ಊರಲ್ಲೆಲ್ಲ ಗಟ್ಟಿಯಾಗಿ ನಿಲ್ಲಬೇಕಾದರೆ ಎಲ್ಲರೂ ಅದನ್ನು ನಂಬಬೇಕಾಗಿಲ್ಲ. ನಂಬದವರು ಸುಮ್ಮನಿದ್ದರೆ ಸಾಕು. ಜನಾಭಿಪ್ರಾಯ ಅಂತ ನಾವು ಹೆದರುವುದರಲ್ಲಿ ಬಹಳ ಪಾಲು ಹೀಗೆ ಸುಮ್ಮನಿರುವವರದೇ, ಇದು ನನ್ನ ಗಟ್ಟಿ ಅಭಿಪ್ರಾಯ. "ನನಗೇನೂ ಇಲ್ಲಪ್ಪ, ಆದರೆ ನಾಲ್ಕು ಜನ ಏನಂತಾರೆ" ಎನ್ನುವವರೇ ಸೇರಿ ಆ ನಾಲ್ಕು ಜನ ಆಗಿರುತ್ತಾರೆ.

ಈ ವಿಷಯ ಬಂದಾಗಲೆಲ್ಲ ನನಗೆ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಬೆಂಗಳೂರಿನವರಿಗೆ ಅವರು ಎಚ್ಚೆನ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಬಸ್ಸಿಗೋ ರೈಲಿಗೋ ಕೊಡಲು ಕಾಸಿಲ್ಲದೆ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದ, ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮುಗಿಸಿ ಬಂದು ಮತ್ತೆ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಉಳಿದುಕೊಂಡ. ಮದುವೆ ಆಗಲಿಲ್ಲ, ಖಾದಿ ಬಿಡಲಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

1976ರಲ್ಲಿ, ಅದೇ ಕುಲಪತಿ ಕುರ್ಚಿಯಲ್ಲಿದ್ದಾಗಲೇ, ಅವರು ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸುವ ಒಂದು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು. ನೀವು ಗಾಳಿಯಿಂದ ವಸ್ತುಗಳನ್ನು ಸೃಷ್ಟಿಸುತ್ತೀರಿ ಎನ್ನುತ್ತಾರೆ, ಅದನ್ನು ನಾವು ಪರೀಕ್ಷೆ ಮಾಡಬಹುದಾದ ರೀತಿಯಲ್ಲಿ ನಮ್ಮ ಮುಂದೆ ತೋರಿಸಿ ಎಂದು ಕೇಳಿದರು. ಉತ್ತರ ಬರಲಿಲ್ಲ. ಪತ್ರಿಕೆಯೊಂದರ ಸಂದರ್ಶನದಲ್ಲಿ ಬಾಬಾ ಅವರು, ವಿಜ್ಞಾನ ಇಂದ್ರಿಯಗಳಿಗೆ ಸಿಗುವ ಸಂಗತಿಗಳಲ್ಲಿ ಇರಲಿ, ಆಧ್ಯಾತ್ಮ ಅದನ್ನು ಮೀರಿದ್ದು ಎಂಬ ಅರ್ಥದ ಮಾತು ಹೇಳಿದರು. ಎಚ್ಚೆನ್ ಅವರ ವಾದ ಸರಳವಾಗಿತ್ತು. ವಿಭೂತಿ, ಉಂಗುರ, ಸರ ಎಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳು. ಹಾಗಿದ್ದ ಮೇಲೆ ಪರೀಕ್ಷೆ ಯಾಕೆ ಬೇಡ?

ಆ ಕಾಲ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ಬಾಬಾ ಅವರ ಭಕ್ತರಲ್ಲಿ ಮಂತ್ರಿಗಳು, ನ್ಯಾಯಾಧೀಶರು, ದೊಡ್ಡ ದೊಡ್ಡ ಅಧಿಕಾರಿಗಳು, ಪ್ರೊಫೆಸರುಗಳು ಎಲ್ಲರೂ ಇದ್ದರು. ಎಚ್ಚೆನ್‌ಗಿಂತ ಮುಂಚೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ವಿ.ಕೃ. ಗೋಕಾಕರು ಬಾಬಾ ಭಕ್ತರು. ಗೋಕಾಕರು ಸಣ್ಣ ಮನುಷ್ಯರಲ್ಲ, ಕನ್ನಡಕ್ಕೆ ಅವರು ಏನು ಅಂತ ನಾನು ಹೇಳಬೇಕಾಗಿಲ್ಲ. ದೇಶದಲ್ಲಿ ತುರ್ತು ಪರಿಸ್ಥಿತಿ ಬೇರೆ. ಕುಲಪತಿಗೆ ಇದೆಲ್ಲ ಯಾಕೆ, ವಿಶ್ವವಿದ್ಯಾಲಯ ನೋಡಿಕೊಂಡು ಇರಬಾರದಾ ಅಂತ ಕೇಳುವುದು ಬಹಳ ಸುಲಭವಾಗಿತ್ತು, ಕೇಳಿದವರೂ ಇದ್ದರು. ನಿವೃತ್ತಿ ಆದ ಮೇಲೆ ಧೈರ್ಯ ಮಾಡುವವರನ್ನು ನಾವು ಎಷ್ಟೋ ಜನರನ್ನು ನೋಡಿದ್ದೇವೆ. ಇವರು ಕುರ್ಚಿಯಲ್ಲಿ ಇದ್ದಾಗಲೇ ಕೇಳಿದರು. ವಿಶ್ವವಿದ್ಯಾಲಯ ಇರುವುದೇ ಪ್ರಶ್ನೆ ಕೇಳುವುದಕ್ಕೆ ಎಂದು ತಿಳಿದವರಿಗೆ ಅದು ಕೆಲಸದ ಒಂದು ಭಾಗವೇ ಆಗಿತ್ತು.

ಬಾಬಾ ಅವರ ಹೆಸರಿನಲ್ಲಿ ಆಸ್ಪತ್ರೆಗಳು ನಡೆದಿವೆ, ಅನಂತಪುರ ಜಿಲ್ಲೆಯ ಹಳ್ಳಿಗಳಿಗೆ ಕುಡಿಯುವ ನೀರು ಹೋಗಿದೆ. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ, ನನ್ನ ಹತ್ತಿರದ ನೆಂಟರಲ್ಲೇ ಅದರಿಂದ ಜೀವ ಉಳಿಸಿಕೊಂಡವರಿದ್ದಾರೆ. ಆದರೆ ಎಚ್ಚೆನ್ ಕೇಳಿದ್ದು ಆಸ್ಪತ್ರೆಯ ಬಗ್ಗೆ ಅಲ್ಲ. ಒಳ್ಳೆಯ ಕೆಲಸವನ್ನು ತೋರಿಸಿ ಬೇರೆ ಪ್ರಶ್ನೆಯ ಬಾಯಿ ಮುಚ್ಚಿಸುವುದು ಆಗಲೂ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ.

ಅವರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಅವರ ಪ್ರಶ್ನೆಯಲ್ಲಿ ಸೋಲುವುದಕ್ಕೂ ಜಾಗ ಇತ್ತು ಎನ್ನುವುದು. ಪರೀಕ್ಷೆ ಮಾಡೋಣ ಬನ್ನಿ ಎಂದು ಕರೆದವರು, ಪರೀಕ್ಷೆಯ ಫಲ ತಮಗೆ ವಿರುದ್ಧವಾಗಿ ಬಂದರೂ ಒಪ್ಪಬೇಕಾಗುತ್ತದೆ. ಇಷ್ಟು ದೊಡ್ಡ ಜವಾಬ್ದಾರಿಯನ್ನು ಎಲ್ಲರ ಮುಂದೆ ತಲೆ ಮೇಲೆ ಹೊತ್ತುಕೊಂಡರು. ತತ್ವಕ್ಕೆ ಅಂಟಿಕೊಳ್ಳುವುದು ಅಂದರೆ ನನ್ನ ಮಟ್ಟಿಗೆ ಇದೇ. ಸುಮ್ನೆ ಹಟ ಮಾಡುವವರೂ ಜನರ ವಿರುದ್ಧ ನಿಲ್ಲುತ್ತಾರೆ. ಎಲ್ಲರೂ ಪೋಲಿಯೊ ಹನಿ ಹಾಕಿಸುವಾಗ ನಾನು ಮಾತ್ರ ಹಾಕಿಸುವುದಿಲ್ಲ ಅಂತ ಕೂತವರು ಒಂಟಿಯಾಗಿ ನಿಂತಿದ್ದಾರೆ ಅನ್ನುವ ಕಾರಣಕ್ಕೆ ದೊಡ್ಡವರಾಗುವುದಿಲ್ಲ. ಬಹಳ ಜನ ಹೇಳುವುದೆಲ್ಲ ಸುಳ್ಳಲ್ಲ, ಒಬ್ಬರೇ ಹೇಳುವುದೆಲ್ಲ ಸತ್ಯವೂ ಅಲ್ಲ. ನೀವು ಯಾವ ಅಳತೆಗೋಲಿನಿಂದ ಇನ್ನೊಬ್ಬರನ್ನು ಅಳೆಯುತ್ತೀರೋ ಅದರಿಂದಲೇ ನಿಮ್ಮನ್ನೂ ಅಳೆಯಲು ಬಿಡುತ್ತೀರಾ, ನಿಮ್ಮವರನ್ನೂ ಅಳೆಯುತ್ತೀರಾ, ನಾನು ನೋಡುವುದು ಅಷ್ಟನ್ನೇ.

ಇಲ್ಲಿ ಇವತ್ತು ಏನಾಗಿದೆ ಅಂದರೆ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಗುಂಪು ಸಿಕ್ಕಿಬಿಟ್ಟಿದೆ. ಆ ಕಡೆಯವರ ಮೂಢನಂಬಿಕೆಯ ಬಗ್ಗೆ ಬರೆದರೆ ಈ ಕಡೆಯವರು ಸಾವಿರ ಲೈಕು ಕೊಡುತ್ತಾರೆ, ಶೇರ್ ಮಾಡುತ್ತಾರೆ, ಭಲೇ ಅನ್ನುತ್ತಾರೆ. ಬರೆದವರಿಗೆ ತಾವು ಪ್ರವಾಹದ ವಿರುದ್ಧ ಈಜುತ್ತಿದ್ದೇವೆ ಅನ್ನಿಸುತ್ತದೆ. ಆದರೆ ಅವರು ಒಮ್ಮೆ ತಮ್ಮದೇ ಕಡೆಯವರ ಒಂದು ತಪ್ಪನ್ನು, ತಮ್ಮ ಜಾತಿಯವರ, ತಮ್ಮ ಪಕ್ಷದವರ, ತಾವು ಮೆಚ್ಚುವ ನಾಯಕರ ಒಂದು ಸುಳ್ಳನ್ನು ಬರೆದು ನೋಡಲಿ. ನಿಜವಾದ ಜನಾಭಿಪ್ರಾಯ ಎಂದರೆ ನಮ್ಮ ಸುತ್ತ ಕೂತಿರುವವರ ಅಭಿಪ್ರಾಯ. ದೂರದವರ ಮಾತನ್ನು ಎದುರಿಸುವುದು ಯಾರಿಗೂ ಅಷ್ಟು ಕಷ್ಟವಲ್ಲ.

ಜೀವಕ್ಕೆ ಅಪಾಯ ಇರುವ ಕಡೆಯ ಮಾತೇ ಬೇರೆ. 2013ರಲ್ಲಿ ಪುಣೆಯಲ್ಲಿ ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದ ತಮ್ಮ ಮನೆ ಬಾಗಿಲಲ್ಲೇ ಎಂ.ಎಂ. ಕಲಬುರ್ಗಿ ಗುಂಡಿಗೆ ಬಲಿಯಾದರು. ಅದಾದ ಮೇಲೆ ಸುಮ್ಮನಾದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ನಾನು ಕೇಳುವುದು ಅಪಾಯವೇ ಇಲ್ಲದ ಕಡೆ, ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಾವು ಯಾಕೆ ಸುಮ್ಮನಿರುತ್ತೇವೆ ಎಂದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ ಇತ್ತು. ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ, ನಮ್ಮ ಕಡೆ ಸೂರ್ಯ ಬಹುಪಾಲು ಮುಚ್ಚಿಹೋಗಿದ್ದ. ಮಕ್ಕಳಿಗೆ ತೋರಿಸುತ್ತೇನೆ ಅಂದಾಗ ಜೊತೆಯ ಮೇಷ್ಟ್ರೊಬ್ಬರು, "ಯಾಕೆ ಮೇಡಂ, ಸುಮ್ನೆ ಊರವರ ಬಾಯಿಗೆ ಬೀಳ್ತೀರಾ? ನನಗೂ ಇದರಲ್ಲೆಲ್ಲ ನಂಬಿಕೆ ಇಲ್ಲ, ಆದರೂ..." ಅಂದರು. ಆ 'ಆದರೂ' ಕೇಳಿ ನನಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಅವರೂ ವಿಜ್ಞಾನವನ್ನೇ ಓದಿದವರು. ಹೆಡ್‌ಮಾಸ್ಟರ್ ಒಪ್ಪಿದರು. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿದೆವು. ಹೊಂಗೆ ಮರದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ಬೆಳಕೆಲ್ಲ ಬಿದಿಗೆ ಚಂದ್ರನ ಆಕಾರದಲ್ಲಿತ್ತು, ಮಕ್ಕಳು ಅದನ್ನು ಅಂಗೈ ಮೇಲೆ ಹಿಡಿದುಕೊಂಡು ಓಡಾಡಿದರು. ಆಮೇಲೆ ಎಲ್ಲರೂ ಕೂತು ಚಿತ್ರಾನ್ನ ತಿಂದೆವು. ಅರ್ಧದಷ್ಟು ಮಕ್ಕಳು ಬಂದಿರಲಿಲ್ಲ, ಅವರ ಮನೆಯವರು ಕಳಿಸಿರಲಿಲ್ಲ.

ಅದೇ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಚಿತ್ರಗಳು ಟಿವಿಯಲ್ಲಿ ಬಂದವು. ಗ್ರಹಣದ ಹೊತ್ತಲ್ಲಿ ಹೀಗೆ ಮಾಡಿದರೆ ಅಂಗವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆ. ಆ ತಂದೆತಾಯಿಗಳನ್ನು ನಾನು ಕೆಟ್ಟವರು ಅನ್ನಲಾರೆ, ಮಕ್ಕಳ ಮೇಲಿನ ಪ್ರೀತಿಯಿಂದ ಮಾಡಿದ್ದು. ಆದರೆ ಸುತ್ತ ನಿಂತಿದ್ದವರಲ್ಲಿ ಇದು ಸರಿಯಲ್ಲ ಅಂತ ಒಳಗೊಳಗೇ ಗೊತ್ತಿದ್ದವರು ಖಂಡಿತ ಇದ್ದಿರಬೇಕು. ಆ ಮಗುವಿನ ಪಕ್ಕ ನಿಂತ ಒಬ್ಬ ಚಿಕ್ಕಪ್ಪನೋ ಅತ್ತೆಯೋ ಬೇಡ ಅಂತ ಒಂದು ಮಾತು ಹೇಳಿದ್ದರೆ ಆ ಮನೆಯವರಿಗೆ ಹಿಂದೆ ಸರಿಯಲು ಒಂದು ದಾರಿ ಸಿಗುತ್ತಿತ್ತೇನೋ. ಸರ್ಕಾರದ ಕಾಯ್ದೆ ಬಂದಿದೆ, ಬರಲಿ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಇರುವುದು ಚಿಕ್ಕಪ್ಪನೇ ಹೊರತು ಪೊಲೀಸರಲ್ಲ.

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಮತ್ತೆ ಪಾರ್ಶ್ವ ಸೂರ್ಯಗ್ರಹಣ ಇದೆ. ಸೋಮವಾರ, ಸ್ಕೂಲಿನ ದಿನ. ಮಳೆಗಾಲದ ಮೋಡ ಅಡ್ಡ ಬರಬಹುದು. ನಾನು ಈ ಸಲ ಹಿಂದಿನ ವಾರವೇ ಪೋಷಕರ ಸಭೆ ಕರೆಯಬೇಕು ಅಂದುಕೊಂಡಿದ್ದೇನೆ, ಕಳಿಸಲು ಇಷ್ಟವಿಲ್ಲದವರ ಮಾತನ್ನೂ ಪೂರ್ತಿ ಕೇಳುತ್ತೇನೆ. ನಿಮ್ಮಲ್ಲಿ ಮೇಷ್ಟ್ರು, ಮೇಡಂಗಳು ಯಾರಾದರೂ ಇದ್ದರೆ, ಅದರಲ್ಲೂ 'ನನಗೂ ನಂಬಿಕೆ ಇಲ್ಲ, ಆದರೂ' ಅನ್ನುವವರು, ನಿಮ್ಮ ನಿಮ್ಮ ಸ್ಕೂಲಿನಲ್ಲಿ ಏನು ಮಾಡುತ್ತೀರಿ ಅಂತ ಕೆಳಗೆ ಬರೆಯಿರಿ. ರಟ್ಟಿನ ಪೆಟ್ಟಿಗೆ ಹೇಗೆ ಮಾಡುವುದು ಅಂತ ಬೇಕಿದ್ದವರಿಗೆ ನಾನು ಕಳಿಸುತ್ತೇನೆ.