ಉತ್ತರ ಎಂದರೆ ಆಮೇಲೆ ಬರುವುದು

‘ನಿಮ್ಮ ದೂರಿಗೆ ಸ್ಪಂದಿಸಲಾಗಿದೆ. ದಯವಿಟ್ಟು ಈ ಸಂದೇಶಕ್ಕೆ ಉತ್ತರಿಸಬೇಡಿ.’

ಬೆಳಿಗ್ಗೆ ಆರೂವರೆಗೆ ಮೊಬೈಲಿಗೆ ಬಂದ ಈ ಎರಡು ಸಾಲನ್ನು ಓದಿ, ಹಲ್ಲನ್ನೂ ಉಜ್ಜದೆ ಬೀದಿಗೆ ಓಡಿದೆ. ಯುಗಾದಿಯ ಹೊತ್ತಿಗೆ ಮುರಿದ ಚರಂಡಿಯ ಚಪ್ಪಡಿ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ಇಂಥದ್ದೊಂದು ಗುಂಡಿ ಎಲ್ಲರ ಬೀದಿಯಲ್ಲೂ ಇರುವುದರಿಂದ ವರ್ಣಿಸುವುದಿಲ್ಲ. ಯಾವ ಕಚೇರಿ ಎಂದೂ ಹೇಳುವುದಿಲ್ಲ. ಚರಂಡಿ ತಮ್ಮದಲ್ಲ ಎಂದು ಮೂರು ಕಚೇರಿಗಳು ಹೇಳಿರುವುದರಿಂದ ನನಗೂ ಖಚಿತವಿಲ್ಲ.

ಸಿಟ್ಟು ಬಂದದ್ದು ನಿಜ. ಆದರೆ ಮನೆಗೆ ಬಂದು ನಿಘಂಟು ತೆಗೆದಾಗ ತಪ್ಪು ನನ್ನದೇ ಎಂದು ತಿಳಿಯಿತು. ಸ್ಪಂದನ ಎಂದರೆ ಅದುರುವುದು, ಮಿಡಿಯುವುದು. ಚಪ್ಪಡಿ ಹಾಕುವುದು ಎಂಬ ಅರ್ಥ ಅದಕ್ಕೆ ಎಲ್ಲಿಯೂ ಇಲ್ಲ. ನನ್ನ ದೂರನ್ನು ಕಂಡು ಯಾರದೋ ಹೃದಯ ಒಮ್ಮೆ ಮಿಡಿದಿದೆ, ಆ ಬಳಿಕ ಕಡತ ಮುಚ್ಚಿದೆ. ಸಂದೇಶದಲ್ಲಿ ಸುಳ್ಳೇನಿದೆ?

‘ಉತ್ತರ’ ಇನ್ನೂ ಸೊಗಸು. ಸಂಸ್ಕೃತದಲ್ಲಿ ಅದಕ್ಕೆ ಆಮೇಲೆ ಬರುವುದು ಎಂಬ ಅರ್ಥವಿದೆ. ಉತ್ತರಾರ್ಧ, ಉತ್ತರಕಾಂಡ, ಉತ್ತರಾಧಿಕಾರಿ ಎಲ್ಲವೂ ಆ ಬಳಗವೇ. ಹಾಗಾಗಿ ಕೌಂಟರಿನ ಹಿಂದೆ ತಲೆಯೆತ್ತದೆ ‘ಆಮೇಲೆ ಬನ್ನಿ’ ಎನ್ನುವ ಗುಮಾಸ್ತರು ನಮ್ಮನ್ನು ಸಾಗಹಾಕುತ್ತಿಲ್ಲ, ವ್ಯುತ್ಪತ್ತಿ ಹೇಳಿಕೊಡುತ್ತಿದ್ದಾರೆ. ನನ್ನ ಅರ್ಜಿ ತೆಗೆದುಕೊಂಡ ಅಧಿಕಾರಿ ವರ್ಗವಾಗಿ ಹೋದರು. ಉತ್ತರ ಕೊಡಬೇಕಾದವರು ಅವರ ಉತ್ತರಾಧಿಕಾರಿ. ಉತ್ತರಾಧಿಕಾರಿ ಇನ್ನೂ ಬಂದಿಲ್ಲ. ತೀರಾ ತಡವಾದರೆ ಉತ್ತರಕ್ರಿಯೆ ಇದ್ದೇ ಇದೆ.

ಹಾಗೆಂದು ಬೆಂಗಳೂರಿನಲ್ಲಿ ಉತ್ತರಕ್ಕೆ ಬರವೆಂದು ಯಾರೂ ದೂರುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದು ಹೋಳು ಮಾಡಿದಾಗ ಒಂದು ಹೋಳಿಗೆ ‘ಬೆಂಗಳೂರು ಉತ್ತರ’ ಎಂದೇ ಹೆಸರಾಯಿತು. ಅದೇ ವರ್ಷ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಅದೇ ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಲೋಕಸಭಾ ಕ್ಷೇತ್ರವಂತೂ ಮೊದಲೇ ಇತ್ತು. ಇಷ್ಟು ಸಾಲದೆಂಬಂತೆ ಉತ್ತರಹಳ್ಳಿ ಎಂಬ ಊರೇ ಇದೆ. ಅದಿರುವುದು ದಕ್ಷಿಣದಲ್ಲಿ.

ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ, ಅಂದರೆ ಹಿಂಬರಹವನ್ನು ಮರೆಯಬಾರದು. ಮುಖ ನೋಡಿ ಹೇಳಲಾಗದ್ದನ್ನು ಬೆನ್ನ ಮೇಲೆ ಬರೆಯುವ ಕಲೆ ಅದು. ವಿಧಾನಸೌಧದಲ್ಲಿ ಈ ಕಲೆ ಇನ್ನೂ ಪಕ್ವವಾಗಿದೆ. ಶಾಸಕರ ಲಿಖಿತ ಪ್ರಶ್ನೆಯ ಮೊದಲ ಸಾಲಿಗೆ ‘ಇಲ್ಲ’ ಎಂದು ಬರೆದುಬಿಟ್ಟರೆ, ಕೆಳಗಿನ ಉಪಪ್ರಶ್ನೆಗಳಿಗೆಲ್ಲ ಒಂದೇ ಪದ ಸಾಕು: ‘ಉದ್ಭವಿಸುವುದಿಲ್ಲ’. ಶಿವಲಿಂಗಕ್ಕೂ ಸರ್ಕಾರಿ ಉತ್ತರಕ್ಕೂ ಒಂದೇ ಕ್ರಿಯಾಪದ.

ನನಗೆ ಪ್ರಿಯವಾದ ಪದ ಓಗೊಡು. ಕರೆದಾಗ ‘ಓ’ ಎನ್ನುವುದು, ಅಷ್ಟೇ. ಅಮ್ಮ ಹಿತ್ತಲಿನಿಂದ ಕರೆದರೆ ಗೋಲಿಯಾಟದ ನಡುವೆಯೇ ‘ಓ’ ಎನ್ನುತ್ತಿದ್ದೆ. ಹೇಳಿದ ಕೆಲಸ ಮಾಡುತ್ತಿದ್ದೆನೋ ಇಲ್ಲವೋ ಬೇರೆ ಮಾತು. ಮಗ ಬಾವಿಗೆ ಬಿದ್ದಿಲ್ಲ ಎಂದಾದರೂ ಅವಳಿಗೆ ತಿಳಿಯುತ್ತಿತ್ತು. ಅದೇ ಅಮ್ಮ, ರಾತ್ರಿ ಹೊರಗಿನಿಂದ ಯಾರೇ ಕರೆದರೂ ಮೂರನೆಯ ಕೂಗಿನ ತನಕ ಓಗೊಡಬೇಡ ಎಂದೂ ಹೇಳಿದ್ದಳು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನೆನಪಿದೆಯಲ್ಲ? ಗುರುತಿನವರ ದನಿಯಲ್ಲಿ ಕರೆಯುವ ದೆವ್ವ. ಓಗೊಟ್ಟವರು ಸತ್ತಂತೆಯೇ ಲೆಕ್ಕ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಈಗ ಬಂದಿದ್ದರೆ ಯಾವುದಾದರೂ ಅಪಾರ್ಟ್‌ಮೆಂಟಿನಲ್ಲಿ ಅದಕ್ಕೂ ‘ಕನ್ನಡ ಗೊತ್ತಿಲ್ಲ’ ಎನ್ನುವುದನ್ನು ಕಲಿಸಿಬಿಡುತ್ತಿದ್ದರು. ಪಾಪ, ಅದು ಬಾಗಿಲ ಬರಹ ಓದಿ, ಮರ್ಯಾದೆಯಿಂದ ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದಿಕೊಂಡು ಹೋಗುತ್ತಿತ್ತು. ‘ನಿನ್ನೆಯೂ ಇದನ್ನೇ ಹೇಳಿದ್ದಿರಲ್ಲ’ ಎಂದು ಒಮ್ಮೆಯೂ ಕೇಳಲಿಲ್ಲ. ಆದರ್ಶ ಅರ್ಜಿದಾರ.

ಮನೆಗಳವರು ಆ ಬರಹವನ್ನು ಎಂದೋ ಅಳಿಸಿದರು. ಕಚೇರಿಗಳು ಉಳಿಸಿಕೊಂಡಿವೆ, ಗೌರವಕ್ಕೆ ಬಹುವಚನ ಸೇರಿಸಿ: ನಾಳೆ ಬನ್ನಿ.

ಆದರೆ ನಾವು ದೆವ್ವಗಳಲ್ಲ. ವರ್ಷ ವರ್ಷ ಕಂದಾಯ ಕಟ್ಟುವ ದೆವ್ವ ಯಾವ ಊರಲ್ಲಿದೆ? ಎದುರುಮನೆಯ ಅಜ್ಜಿ ಆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡು ಎರಡು ತಿಂಗಳಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ, ಚಪ್ಪಡಿ ಯಾವಾಗ ಹಾಕುತ್ತೀರಿ ಎಂಬುದರ ಕಡತ ಕೇಳಿದೆ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ನಿರಾಕರಿಸಿದಂತೆ ಎಂದು ಭಾವಿಸಬೇಕು, ಕಾಯ್ದೆಯೇ ಹಾಗೆನ್ನುತ್ತದೆ. ಅಂದರೆ ಸುಮ್ಮನಿದ್ದದ್ದೂ ಉತ್ತರವೇ. ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ‘ಹಾಕುವುದಿಲ್ಲ, ಹೋಗಿ’ ಎಂದು ಯಾರಾದರೊಬ್ಬರು ಬಾಯಿಬಿಟ್ಟು ಹೇಳಿದ್ದರೆ, ನಾಲ್ಕು ಮನೆಯವರು ದುಡ್ಡು ಸೇರಿಸಿ ಎಂದೋ ಒಂದು ಚಪ್ಪಡಿ ತರಿಸಿರುತ್ತಿದ್ದೆವು. ಅಜ್ಜಿ ಈಗ ದೇವಸ್ಥಾನಕ್ಕೆ ಹೋಗುವುದಿಲ್ಲ. ಕಿಟಕಿಯ ಬಳಿ ಕೂರುತ್ತಾರೆ.

ಮತ್ತೆ ಯಾರೂ ಬೀಳದಿರಲೆಂದು ಅವರ ಮೊಮ್ಮಗ ನುಗ್ಗೆಯ ಕೊಂಬೆಯೊಂದನ್ನು ಚರಂಡಿಯ ಹೂಳಿಗೆ ಚುಚ್ಚಿ, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದ. ಕಳೆದ ವಾರದ ಮಳೆಗೆ ಅದು ಚಿಗುರಿದೆ. ಇಡೀ ಪ್ರಕರಣದಲ್ಲಿ ಉದ್ಭವಿಸಿದ್ದು ಅದೊಂದೇ. ಫೋಟೊ ತೆಗೆದು ಕಳಿಸೋಣವೆಂದರೆ, ಉತ್ತರಿಸಬೇಡಿ ಎಂದಿದ್ದಾರೆ.