ಸೊಪ್ಪು ಬೆಳೆದವನಿಗೆ ಮೂರು, ಕಾಗದ ಇಟ್ಟುಕೊಂಡವನಿಗೆ ಏಳು

ಅಮೆರಿಕದ ಕೆಂಟಕಿಯ ಯಾವುದೇ ಹಳ್ಳಿಗಾಡು ಕೌಂಟಿಯಲ್ಲಿ ತಂಬಾಕಿನ ಲೆಕ್ಕಕ್ಕೆ ಸಂದ ಸರ್ಕಾರಿ ಹಣದ ಮಾತು ಬಂದರೆ, 'ವಿಷ ಬೆಳೆಯುವವರಿಗೆ ಬಿಟ್ಟಿ ದುಡ್ಡು' ಎಂದು ಮೂಗು ಮುರಿಯುವವರೇ ಹೆಚ್ಚು. ನನ್ನ ತಕರಾರು ಆ ದುಡ್ಡು ಯಾರ ಕೈ ಸೇರಿತು ಎಂಬುದರ ಬಗ್ಗೆ.

1930ರ ದಶಕದಲ್ಲಿ ಅಲ್ಲಿನ ಸರ್ಕಾರ ತಂಬಾಕಿಗೆ ಕೋಟಾ ಕಟ್ಟಿತು. ಇಷ್ಟಕ್ಕಿಂತ ಹೆಚ್ಚು ಬೆಳೆದು ಮಾರುವಂತಿಲ್ಲ, ಬದಲಿಗೆ ಬೆಲೆಗೆ ಸರ್ಕಾರದ ಆಸರೆ. 1964ರಲ್ಲಿ ಸಿಗರೇಟಿನಿಂದ ಕ್ಯಾನ್ಸರ್ ಎಂದು ಅದೇ ಸರ್ಕಾರದ ವರದಿ ಬಂದ ಮೇಲೂ ಈ ವ್ಯವಸ್ಥೆ ನಾಲ್ಕು ದಶಕ ನಡೆಯಿತು! ಕೋಟಾ ಅಂಟಿಕೊಂಡಿದ್ದು ಜಮೀನಿಗೆ. ಹಾಗಾಗಿ ಬೇಸಾಯ ಬಿಟ್ಟು ಪಟ್ಟಣ ಸೇರಿದ ಮಕ್ಕಳು, ಮೊಮ್ಮಕ್ಕಳು ಅದನ್ನು ಗುತ್ತಿಗೆಗೆ ಕೊಟ್ಟು ವರ್ಷವರ್ಷ ಬಾಡಿಗೆ ಎಣಿಸಿದರು.

2004ರಲ್ಲಿ ಕಾನೂನು ತಂದು ಕೋಟಾ ರದ್ದು ಮಾಡಿದರು. ಪರಿಹಾರವಾಗಿ ಪೌಂಡ್‌ಗೆ ಕೋಟಾದಾರನಿಗೆ 7 ಡಾಲರ್, ಬೆಳೆದವನಿಗೆ 3 ಡಾಲರ್, ಹತ್ತು ವಾರ್ಷಿಕ ಕಂತುಗಳಲ್ಲಿ, 2005ರಿಂದ 2014ರವರೆಗೆ. ಹತ್ತು ಸಾವಿರ ಪೌಂಡ್ ಕೋಟಾ ಇದ್ದರೆ ಹೊಲದ ಕಡೆ ಮುಖ ಹಾಕದವನಿಗೂ ವರ್ಷಕ್ಕೆ 7,000 ಡಾಲರ್. ಅವನ ಜಮೀನನ್ನು ಗುತ್ತಿಗೆಗೆ ಹಿಡಿದು, ಮಂಜಿನಲ್ಲಿ ನೆಂದ ಸೊಪ್ಪು ಮುಟ್ಟಿ ನಿಕೋಟಿನ್ ಮೈಗೇರಿ ವಾಂತಿ ಮಾಡಿಕೊಂಡ ರೈತನಿಗೆ 3,000. ಅವನ ಜೊತೆ ದುಡಿದ ಕೂಲಿಯವರಿಗೆ ಸೊನ್ನೆ. ಸ್ವಂತ ಕೋಟಾದಲ್ಲಿ ತಾನೇ ಬೆಳೆದವನಿಗೆ ಎರಡೂ ಸಿಕ್ಕಿತು, ಅವನ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ.

ಇನ್ನೊಂದು ಮಾತು. ಸುಮಾರು ಸಾವಿರ ಕೋಟಿ ಡಾಲರ್‌ನ ಈ ಹೊರೆ ಬಿದ್ದದ್ದು ಸಿಗರೇಟು ಕಂಪನಿಗಳು ಮತ್ತು ಆಮದುದಾರರ ಮೇಲೆ, ಜನರ ತೆರಿಗೆಯ ಮೇಲಲ್ಲ. ಬಿಟ್ಟಿ ಎನ್ನುವವರು ಇದನ್ನು ಮರೆಯುತ್ತಾರೆ. ಕಂಪನಿಗಳೇನೂ ಧರ್ಮಕ್ಕೆ ಕೊಡಲಿಲ್ಲ ಬಿಡಿ. ಬೆಲೆಯ ಆಸರೆ ಹೋದ ಮೇಲೆ ಅವಕ್ಕೆ ಸೊಪ್ಪು ಅಗ್ಗವಾಯಿತು. ಇಡೀ ಅಮೆರಿಕದಲ್ಲಿ 2002ರ ಕೃಷಿ ಗಣತಿಯಂತೆ ಸುಮಾರು 57 ಸಾವಿರ ಇದ್ದ ತಂಬಾಕು ಹಿಡುವಳಿಗಳು 2007ಕ್ಕೆ ಸುಮಾರು 16 ಸಾವಿರಕ್ಕೆ ಕುಸಿದವು. ಸಣ್ಣವರು ಕೈಬಿಟ್ಟರು, ದೊಡ್ಡವರು ಕಂಪನಿಗಳ ಜೊತೆ ನೇರ ಕರಾರು ಮಾಡಿಕೊಂಡರು.

ಕೆಂಟಕಿ ಒಂದು ಒಳ್ಳೆಯ ಕೆಲಸವನ್ನೂ ಮಾಡಿತು. ಸಿಗರೇಟಿನ ಕಾಯಿಲೆಗಳ ಖರ್ಚಿನ ಬಗ್ಗೆ ರಾಜ್ಯಗಳು ಮತ್ತು ಸಿಗರೇಟು ಕಂಪನಿಗಳ ನಡುವೆ ಆದ 1998ರ ಒಪ್ಪಂದದಂತೆ ಕಂಪನಿಗಳಿಂದ ರಾಜ್ಯಕ್ಕೆ ಬರುವ ಹಣದ ಅರ್ಧ ಭಾಗವನ್ನು ಕೃಷಿ ಅಭಿವೃದ್ಧಿಗೆ ತೆಗೆದಿಟ್ಟಿತು. ದನ ಸಾಕಣೆಗೆ, ತರಕಾರಿಗೆ, ಮಾರುಕಟ್ಟೆಗೆ ಹಣ ಹರಿಯಿತು. ಪರ್ಯಾಯ ಬೆಳೆ ಎಂದರೆ ಭಾಷಣವಲ್ಲ, ಕೊಳ್ಳುವವನನ್ನು ಮೊದಲು ಹುಡುಕಿಕೊಡುವುದು.

ಇಷ್ಟೆಲ್ಲ ಬರೆದದ್ದು ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಾಗಿ. ಇಲ್ಲೂ ತಂಬಾಕು ಮಂಡಳಿಯ ಪರವಾನಗಿ, ಬೆಳೆಗೆ ಮಿತಿ, ಮಿತಿ ಮೀರಿದರೆ ದಂಡ. ಇಲ್ಲೂ ಪರವಾನಗಿ ಒಬ್ಬರ ಹೆಸರಿನಲ್ಲಿದ್ದು, ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ಗೆ ಸೌದೆ ಹಾಕುತ್ತ ರಾತ್ರಿಯೆಲ್ಲ ನಿದ್ದೆಗೆಡುವವರು ಇನ್ನೊಬ್ಬರಾಗಿರುವುದುಂಟು. ತಂಬಾಕು ಬಿಡಿಸಬೇಕೆಂದು ಸಭೆ ನಡೆಸುವ ಸ್ವಾಮಿಗಳೇ, ನಾಳೆ ಪರಿಹಾರ ಕೊಡುವುದೇ ಆದರೆ ಚೆಕ್ ಯಾರ ಹೆಸರಿಗೆ ಬರೆಯುತ್ತೀರಿ? ಗುತ್ತಿಗೆದಾರನ ಹೆಸರು ನಿಮ್ಮ ಯಾವ ಕಡತದಲ್ಲಿದೆ? ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರದು?